ಅರವತ್ತೆರಡು ಸಾವಿರದ ಕೂಗು

ನನ್ನ ಓರಗಿತ್ತಿ ಓದಿದ್ದು ಎಂಟನೇ ಕ್ಲಾಸು. ನಾನು ಬಿ.ಕಾಂ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದಿನದನ್ನೆಲ್ಲ ಕೇಳಿದ ಮೇಲೆ ಹೇಳಿದರೆ ನೀವು ನಂಬಲ್ಲ. ಕಾಲೇಜಿನಲ್ಲಿ ಅಕೌಂಟ್ಸಿಗೆ ನಾನೇ ಫಸ್ಟು. ಹೊಸೂರಿನ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ಹದಿನಾಲ್ಕು ವರ್ಷದಿಂದ ಜನಗಳ ಸಂಬಳದ ಲೆಕ್ಕ ಮಾಡೋಳು ನಾನೇ. ಯಾರಿಗೆ ಎಷ್ಟು ಪಿಎಫ್ ಹಿಡಿದಿದೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳ್ತೀನಿ. ಅವಳೋ, ದುಡ್ಡಿನ ವಿದ್ಯೆ ಎಲ್ಲಿ ಕಲಿತೆ ಅಂತ ಕೇಳಿದರೆ "ಟೀವೀಲಿ ಕಣಕ್ಕ" ಅನ್ನೋಳು. ಅದನ್ನ ಕೇಳಿದಾಗಲೆಲ್ಲ ನನಗೆ ಮೈ ಉರಿಯೋದು. ಯಾಕಂದ್ರೆ ಅವಳ ಕೈಯಲ್ಲಿ ದುಡ್ಡು ನಿಲ್ತಿತ್ತು, ನನ್ನ ಕೈಯಲ್ಲಿ ನಿಲ್ತಿರಲಿಲ್ಲ.

ಮನೆ ನಮ್ಮ ಮಾವ ಕಟ್ಟಿಸಿದ್ದು. ಕೆಳಗೆ ನಾವು, ಮೇಲೆ ನನ್ನ ಮೈದುನ, ಅವಳು, ಅವರ ಎರಡು ಸಣ್ಣ ಮಕ್ಕಳು. ಅಣ್ಣತಮ್ಮ ಇಬ್ಬರಿಗೂ ಫ್ಯಾಕ್ಟರಿ ಕೆಲಸ, ಅದರಲ್ಲೂ ನನ್ನ ಗಂಡನ ಸಂಬಳವೇ ನಾಲ್ಕು ಕಾಸು ಜಾಸ್ತಿ. ಅದರ ಮೇಲೆ ನನ್ನ ಸಂಬಳ ಬೇರೆ. ಅವಳದು ಮನೆಯಲ್ಲೇ ಕೂತು ಬ್ಲೌಸ್ ಹೊಲಿಯೋ ಕೆಲಸ. ಮಿಷನ್ ಇಟ್ಟಿದ್ದು ಸರಿಯಾಗಿ ನಮ್ಮ ನಡುಮನೆಯ ಮೇಲೆ. ನಾನು ಆಫೀಸಿಂದ ಬಂದು ಚಪ್ಪಲಿ ಬಿಟ್ಟು ಕಾಫಿ ಲೋಟ ಹಿಡಿದು ಕೂತೆ ಅಂದ್ರೆ ಸಾಕು, ತಲೆ ಮೇಲೆ ಟರ್ ಟರ್ ಅಂತ ಶುರುವಾಗೋದು. ಒಂದೊಂದು ಸದ್ದಿಗೂ ಅವಳ ಡಬ್ಬಿಗೆ ಹತ್ತು ರೂಪಾಯಿ ಬೀಳ್ತಿದೆ ಅನ್ನಿಸಿ ಕಾಫಿ ಇಳೀತಿರಲಿಲ್ಲ.

ನಾನು ಗುಮ್ಮಳಾಪುರದ ಕಡೆಯವಳು, ಸ್ಕೂಲಲ್ಲಿ ಕನ್ನಡದಲ್ಲೇ ಓದಿದೋಳು. ಅವಳು ಕೃಷ್ಣಗಿರಿ ಆಚೆಯವಳು. ಮನೆ ಮಾತು ಕನ್ನಡವೇ, ಆದರೆ ಸ್ಕೂಲೆಲ್ಲ ತಮಿಳಲ್ಲಿ. ಕನ್ನಡ ಮಾತಾಡೋಕೆ ನಮಗಿಂತ ಜೋರು, ಅಕ್ಷರ ಮಾತ್ರ ಒಂದೂ ಬರಲ್ಲ. ನಮ್ಮ ಕಡೆಯ ಮದುವೆ ಕಾರ್ಡು ಬಂದರೆ ಕೆಳಗೆ ತಗೊಂಡು ಬಂದು "ಓದಿ ಹೇಳಿ ಅಕ್ಕ" ಅನ್ನೋಳು. ಅದೊಂದರಲ್ಲಾದರೂ ನಾನು ಮೇಲು ಅಂತ ಗಂಟಲು ಸರಿ ಮಾಡ್ಕೊಂಡು, ಅಚ್ಚು ಹಾಕಿದವರ ಹೆಸರಿನ ತನಕ ಓದ್ತಿದ್ದೆ.

ಒಂದು ಸಲ ಪಾಲಿಸಿ ಮಾಡಿಸೋನು ಒಬ್ಬ ಮನೆಗೆ ಬಂದ. ಒಳ್ಳೇ ಮಾತುಗಾರ. ಹದಿನೈದು ವರ್ಷ ಕಟ್ಟಿದರೆ ಮಗಳ ಮದುವೆಗೆ ರಾಶಿ ದುಡ್ಡು ಅಂದ. ನಾನು ಲೆಕ್ಕ ಗೊತ್ತಿರೋಳು ಅನ್ನೋ ಜಂಬದಲ್ಲಿ ಎರಡು ಪ್ರಶ್ನೆ ಕೇಳಿ, ಅವನು "ಮೇಡಂಗೆ ಎಲ್ಲಾ ಗೊತ್ತು" ಅಂದ ತಕ್ಷಣ ಉಬ್ಬಿ ಏಳು ಕಡೆ ಸಹಿ ಹಾಕಿದೆ. ಮೇಲೆ ಹೋದ. ಹತ್ತೇ ನಿಮಿಷಕ್ಕೆ ಬ್ಯಾಗ್ ತಗೊಂಡು ಇಳಿದು ಹೋದ. ಏನೇ ಆಯ್ತು ಅಂತ ಓರಗಿತ್ತೀನ ಕೇಳಿದೆ.

"ಸೀರಿಯಲ್ ನೋಡಲ್ವಾ ಅಕ್ಕ ನೀವು? ಆ ಅತ್ತೆ ಖಾಲಿ ಕಾಗದಕ್ಕೆ ಸಹಿ ಹಾಕ್ಬುಟ್ಟು ಮನೆ ವಾಪಸ್ ತಗೊಳ್ಳಾಕೆ ಒಂದು ವರ್ಷ ಆಯ್ತು. ದಿನಾ ಅಳೋಳು. ನಂಗೆ ಓದಾಕೆ ಆಗ್ದೇ ಇರೋ ಕಾಗ್ದಕ್ಕೆ ನಾನು ಸಹಿ ಹಾಕಲ್ಲಪ್ಪ ಅಂದೆ. ತಮಿಳಲ್ಲಿ ಬರ್ಕೊಂಡು ಬಾ ಅಂದೆ. ಹೋದ."

ನಾನು ಬಿದ್ದು ಬಿದ್ದು ನಕ್ಕೆ. ನನ್ನ ಗಂಡನಿಗೂ ಹೇಳಿ ನಗಿಸಿದೆ. ಐದು ವರ್ಷ ಆದ ಮೇಲೆ ಕೂತು ಲೆಕ್ಕ ಹಾಕಿದರೆ, ಪೋಸ್ಟಾಫೀಸಲ್ಲಿ ಸುಮ್ಮನೆ ಇಟ್ಟಿದ್ದರೂ ಅದಕ್ಕಿಂತ ಜಾಸ್ತಿ ಬರ್ತಿತ್ತು. ಮಧ್ಯದಲ್ಲಿ ಬಿಟ್ಟರೆ ಕಟ್ಟಿದ್ದೂ ಸಿಗಲ್ಲ. ಅದನ್ನ ಅವಳಿಗೆ ನಾನು ಹೇಳಲಿಲ್ಲ, ಇವತ್ತಿನ ತನಕ ಕಟ್ತಾನೇ ಇದ್ದೀನಿ.

ಇನ್ನೊಂದು ಅವಳ ಪಾಠ ಆ ಪ್ರಶ್ನೆ ಕೇಳಿ ದುಡ್ಡು ಕೊಡೋ ಕಾರ್ಯಕ್ರಮದ್ದು. ವಾರದಲ್ಲಿ ಮೂರು ದಿನ ಎಲ್ಲರೂ ಮೇಲೆ ಕೂತು ನೋಡ್ತಿದ್ವಿ, ನಮ್ಮನೆ ಟೀವಿ ಸಣ್ಣದು. ಉತ್ತರ ಎಲ್ಲ ನಾನೇ ಹೇಳ್ತಿದ್ದೆ. ಅವಳಿಗೆ ಒಂದೂ ಗೊತ್ತಿರ್ತಿರಲಿಲ್ಲ. ಆದರೆ ಆಟಗಾರ ಯಾವಾಗ ಎದ್ದು ಹೋಗಬೇಕು ಅಂತ ಮಾತ್ರ ಅವಳಿಗೆ ಗೊತ್ತಾಗೋದು. "ಎದ್ದೋಗಪ್ಪಾ, ಎದ್ದೋಗು, ನಿಂಗೆ ಗೊತ್ತಿಲ್ಲ, ನಿನ್ ಮೊಕ ಹೇಳ್ತದೆ" ಅಂತ ಟೀವಿಗೆ ಕೂಗೋಳು. ಅವನು ಕೇಳ್ತಿರಲಿಲ್ಲ, ಸೋತು ಬರಿಗೈಯಲ್ಲಿ ಹೋಗ್ತಿದ್ದ. "ಓದಿರೋರೇ ಹಿಂಗೆ ಕಣಕ್ಕ, ಏಳಾಕೆ ಬರಲ್ಲ ಅವರಿಗೆ" ಅಂದಳು ಒಂದು ದಿನ. ನನಗೇ ಹೇಳಿದಳೋ ಅವನಿಗೆ ಹೇಳಿದಳೋ ಗೊತ್ತಾಗಲಿಲ್ಲ. ನಮ್ಮಜ್ಜಿ ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಿದ್ದಿದ್ದು ನೆನಪಾಗಿ ರಾತ್ರಿ ಊಟವೂ ಸೇರಲಿಲ್ಲ.

ಭಾನುವಾರ ಮಧ್ಯಾಹ್ನ ಮಕ್ಕಳ ಜೊತೆ ಬಿಸಿನೆಸ್ ಆಟ. ಅದೇ, ರಟ್ಟಿನ ಮೇಲೆ ಊರುಗಳ ಹೆಸರು, ದಾಳ, ಕಾಗದದ ನೋಟು. ನನ್ನ ಮಗಳು ಆಗ ಹನ್ನೊಂದನೇ ಕ್ಲಾಸಿನಲ್ಲಿದ್ದಳು, ಆದರೂ ಚಿಕ್ಕಮ್ಮ ಕರೆದರೆ ಪುಸ್ತಕ ಬಿಟ್ಟು ಓಡಿ ಹೋಗೋಳು. ನಾನು ಆಡಿದರೆ ದೊಡ್ಡ ದೊಡ್ಡ ಊರೇ ತಗೋತಿದ್ದೆ, ಸಣ್ಣ ಊರು ತಗೊಂಡರೆ ನನಗೇ ಅವಮಾನ. ಅವಳು ಯಾರಿಗೂ ಬೇಡದ ಊರುಗಳನ್ನ ತಗೊಂಡು ಒಂದೊಂದರಲ್ಲೂ ಮನೆ ಕಟ್ಟಿ ಕೂರೋಳು. ಸುತ್ತು ಬಂದಾಗಲೆಲ್ಲ ಬಾಡಿಗೆ ಕೊಟ್ಟು ಕೊಟ್ಟು ನನ್ನ ಕೈ ಖಾಲಿ.

ನಮ್ಮ ಮನೆಯಲ್ಲಿ ಒಂದು ನಿಯಮ ಸೇರಿಸಿಕೊಂಡಿದ್ವಿ, ದೊಡ್ಡ ಊರು ಬಂದರೆ ಏಲಂ, ಅಂದ್ರೆ ಹರಾಜು. ಒಂದು ಭಾನುವಾರ ಒಂದು ಊರಿಗೆ ನಾನೂ ಅವಳೂ ಕೂಗ್ತಾ ಹೋದ್ವಿ. ಎರಡು ಸಾವಿರ, ಎರಡೂವರೆ, ಮೂರು. ಅವಳು ನಾಲ್ಕು ಅಂದಳು. ಬಿಡ್ತೀನಾ ನಾನು? ಐದು ಅಂದೆ. ಅವಳು ಕೈ ಮುಗಿದು "ಸಾಕಮ್ಮ, ನಾನು ಎದ್ದೆ" ಅಂದಳು. ನನ್ನ ಹತ್ತಿರ ಇದ್ದಿದ್ದೇ ಐದು. ಮುಂದಿನ ದಾಳಕ್ಕೆ ಅವಳ ಮನೆಗೇ ಹೋಗಿ ನಿಂತೆ, ಬಾಡಿಗೆಗೆ ಕಾಸಿಲ್ಲ. ಮಕ್ಕಳು ಕುಣಿದಾಡಿದವು.

"ಬೇಕು ಅಂತಲೇ ಏರಿಸಿ ಬಿಟ್ಟೆ ಅಲ್ವಾ ನೀನು?" ಅಂದೆ.

"ಅಯ್ಯೋ ಆಟ ಅಕ್ಕ!" ಅಂತ ನಕ್ಕಳು. ಆಮೇಲೆ ತನ್ನ ನೋಟಿನಿಂದ ಎರಡು ಸಾವಿರ ಎಣಿಸಿ ನನ್ನ ಮುಂದೆ ಇಟ್ಟಳು. ಹಾಗೆ ಕೊಡೋಕೆ ಆಟದಲ್ಲಿ ಅವಕಾಶ ಇಲ್ಲ, ದಿವಾಳಿ ಅಂದ್ರೆ ದಿವಾಳಿ ಅಂದೆ. "ಒಬ್ರು ಎದ್ದೋದ್ರೆ ಆಟ ಎಲ್ಲೈತೆ? ತಗೊಳ್ಳಿ" ಅಂದಳು. ನಾನು ಮುಟ್ಟಲಿಲ್ಲ. ಮೆಟ್ಟಿಲು ಇಳಿದು ಬಂದು ಬಟ್ಟೆ ಒಗೆಯೋಕೆ ಕೂತೆ. ಮೇಲಿಂದ ನನ್ನ ಮಗಳ ನಗು ಕೇಳ್ತಿತ್ತು, ನನ್ನ ಜೊತೆ ಅವಳು ಹಾಗೆ ನಕ್ಕಿದ್ದೇ ಇಲ್ಲ. ಅವತ್ತು ಓರಗಿತ್ತಿಯಿಂದ ಕಲಿತ ಪಾಠ ಇಷ್ಟೇ ಅಂದುಕೊಂಡೆ. ಎದುರಿಗಿರೋರಿಗೆ ಬೇಕು ಅಂತ ಗೊತ್ತಾದರೆ ಏರಿಸಿ, ಸರಿಯಾದ ಹೊತ್ತಿಗೆ ಕೈಬಿಡಬೇಕು. ಇದನ್ನ ಮನಸ್ಸಲ್ಲಿ ಗಂಟು ಹಾಕಿ ಇಟ್ಟುಕೊಂಡೆ.

ಈಗ ಚೀಟಿ ವಿಷಯ. ನಮ್ಮ ಬೀದಿಯಲ್ಲಿ ರಿಟೈರಾದ ತಮಿಳು ಟೀಚರಮ್ಮ ಒಬ್ಬರು ಹೆಂಗಸರ ಚೀಟಿ ನಡೆಸ್ತಾರೆ. ಇಪ್ಪತ್ತು ಜನ, ಇಪ್ಪತ್ತು ತಿಂಗಳು, ತಿಂಗಳಿಗೆ ಹತ್ತು ಸಾವಿರ. ತಿಂಗಳ ಮೊದಲ ಭಾನುವಾರ ಅವರ ಮನೆಯಲ್ಲಿ ಏಲಂ. ಕೂಡಿದ ಎರಡು ಲಕ್ಷ ಆ ತಿಂಗಳು ಯಾರಿಗೆ ಬೇಕೋ ಅವರು, ಅದರಲ್ಲಿ ಎಷ್ಟು ಬಿಟ್ಟುಕೊಡ್ತೀನಿ ಅಂತ ಕೂಗಬೇಕು. ಜಾಸ್ತಿ ಬಿಟ್ಟುಕೊಟ್ಟೋಳಿಗೆ ಚೀಟಿ. ಬಿಟ್ಟ ದುಡ್ಡನ್ನ ಟೀಚರಮ್ಮನ ಕಮಿಷನ್ ಕಳೆದು ಎಲ್ಲರಿಗೂ ಹಂಚಿ, ಆ ತಿಂಗಳ ಕಂತಿನಲ್ಲಿ ಕಮ್ಮಿ ಮಾಡ್ತಾರೆ. ಅವಸರ ಇರೋರು ಕಳ್ಕೋತಾರೆ, ತಡೆಯೋರು ಗೆಲ್ತಾರೆ. ಒಮ್ಮೆ ಕೂಗಿದ ಮಾತು ವಾಪಸ್ ಇಲ್ಲ, ಅದು ಟೀಚರಮ್ಮನ ಕಟ್ಟುನಿಟ್ಟು.

ನಾನೂ ಅವಳೂ ಇಬ್ಬರೂ ಸೇರಿದ್ವಿ. ನನ್ನ ಲೆಕ್ಕ ಮೊದಲ ದಿನವೇ ಮುಗಿದಿತ್ತು. ಮಗಳಿಗೆ ನರ್ಸಿಂಗ್ ಓದಬೇಕು ಅಂತ ಪುಟ್ಟ ಹುಡುಗಿ ಆಗಿದ್ದಾಗಿಂದ ಆಸೆ. ಹನ್ನೆರಡನೇ ಕ್ಲಾಸು ಮುಗಿಸಿ ಜೂನಿನಲ್ಲಿ ಕೃಷ್ಣಗಿರಿ ಕಡೆಯ ಕಾಲೇಜಿಗೆ ಸೇರಬೇಕು. ಮೊದಲ ವರ್ಷದ ಫೀಸು, ಹಾಸ್ಟೆಲ್ಲು ಎಲ್ಲ ಸೇರಿ ಒಂದು ಲಕ್ಷ ಎಪ್ಪತ್ತು ಸಾವಿರ. ಜೂನಿಗೆ ಚೀಟಿಗೆ ಹನ್ನೊಂದನೇ ತಿಂಗಳು. ಆಗ ಕೂಗು ಇಳಿದಿರುತ್ತೆ, ಇಪ್ಪತ್ತೈದೋ ಮೂವತ್ತೋ ಸಾವಿರಕ್ಕೆ ಚೀಟಿ ಎತ್ತಬಹುದು, ಸೀಟಿಗೆ ಸರಿಹೋಗುತ್ತೆ. ಅಲ್ಲಿ ತನಕ ಬಾಯಿ ಬಿಡಬಾರದು. ನನ್ನ ಬಳೆಗಳು ಆಗಲೇ ಬ್ಯಾಂಕಿನಲ್ಲಿ ಅಡವು ಕೂತಿದ್ದವು, ಹಾಗಾಗಿ ಮಗಳ ಸೀಟಿಗೆ ಇದೊಂದೇ ದಾರಿ. ಏಳು ತಿಂಗಳು ಬಾಯಿಗೆ ಬೀಗ ಹಾಕಿ ಕೂತಿದ್ದೆ.

ಫೆಬ್ರವರಿಯಲ್ಲಿ ಅವಳು ಮೈಸೂರುಪಾಕಿನ ಡಬ್ಬಿ ಹಿಡಿದು ಕೆಳಗೆ ಬಂದಳು. ಸೂಳಗಿರಿಯಲ್ಲಿ ಸೈಟ್ ನೋಡಿದ್ದೀವಿ, ಅಡ್ವಾನ್ಸೂ ಕೊಟ್ಟಾಯ್ತು, ಮಾರ್ಚ್ ಕೊನೆಯೊಳಗೆ ರಿಜಿಸ್ಟ್ರೇಷನ್ ಅಂದಳು. ನನ್ನ ಬಾಯಲ್ಲಿ ಮೈಸೂರುಪಾಕು ಕರಗಲೇ ಇಲ್ಲ. ಯಾರು? ಎಂಟನೇ ಕ್ಲಾಸು! ಬ್ಲೌಸ್ ಹೊಲಿಯೋಳು! ಮನೆಗೆ ದೊಡ್ಡ ಸೊಸೆ ನಾನು, ಎರಡು ಸಂಬಳ ಬರೋ ಮನೆ ನಂದು, ನನಗೊಂದು ಅಡಿ ಜಾಗ ಇಲ್ಲ. "ಭಾಳ ಸಂತೋಷ ಕಣೆ" ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

ಅದು ಸಾಲದು ಅಂತ ಆ ಭಾನುವಾರ ಎಲ್ಲರನ್ನೂ ಬಸ್ಸಿನಲ್ಲಿ ಕರ್ಕೊಂಡು ಹೋಗಿ ತೋರಿಸಿದಳು. ಹೈವೇಯಿಂದ ಒಳಗೆ ಒಂದು ಕೂಗಳತೆ, ಸುತ್ತ ಟೊಮೇಟೊ ತೋಟ, ಮೂಲೆಗೆ ಒಂದು ಹುಣಸೆ ಮರ, ನಾಲ್ಕು ಕಡೆ ಸುಣ್ಣ ಬಳಿದ ಕಲ್ಲು. ಅವಳು ಚಪ್ಪಲಿ ಬಿಟ್ಟು ಹಿಮ್ಮಡಿಯಿಂದ ಗೆರೆ ಎಳೆದು, ಇದು ಅಡುಗೆಮನೆ, ಇದು ಮಿಷನ್ ರೂಮು, ಇಲ್ಲಿ ಅಕ್ಕ ಬಂದ್ರೆ ಮಲಗೋ ರೂಮು ಅಂತ ತೋರಿಸಿದಳು. ನನ್ನ ಮಗಳು ಆ ಗೆರೆಯೊಳಗೆ ನಿಂತು ಫೋಟೋ ತೆಗೆಸಿಕೊಂಡಳು. ನನಗೆ ರೂಮು ಕೊಡ್ತಾಳಂತೆ! ನಾನು ಬಿಸಿಲು ಅಂತ ಹೇಳಿ ಹುಣಸೆ ಮರದ ಕೆಳಗೆ ಹೋಗಿ ನಿಂತೆ. ಹೊಟ್ಟೆಕಿಚ್ಚು ಅಂದ್ರೆ ಮಾತಿಗೆ ಅಂತಾರೆ ಅಂದುಕೊಂಡಿದ್ದೆ, ಅವತ್ತು ನಿಜವಾಗಲೂ ಹೊಟ್ಟೆಯಲ್ಲಿ ಉರಿ ಎದ್ದಿತ್ತು. ಮನೆಗೆ ಬಂದು ಮಜ್ಜಿಗೆ ಕುಡಿದು ಮಲಗಿದೆ.

ಮಾರ್ಚಿನ ಏಲಂ ಬಂತು. ಟೀಚರಮ್ಮನ ನಡುಮನೆಯಲ್ಲಿ ಚಾಪೆ ಹಾಸಿದ್ದರು. ಎಂಟನೇ ತಿಂಗಳು ಅಂದ್ರೆ ಮೂವತ್ತೈದು, ಹೆಚ್ಚೆಂದರೆ ನಲವತ್ತಕ್ಕೆ ನಿಲ್ಲೋ ಕೂಗು. ಓರಗಿತ್ತಿ ಬ್ಯಾಗ್ ತೊಡೆ ಮೇಲೆ ಇಟ್ಟುಕೊಂಡು ಮುಂದಿನ ಸಾಲಲ್ಲೇ ಕೂತಿದ್ದಳು. ಮೊದಲ ಕೂಗೇ ಅವಳದು, ಇಪ್ಪತ್ತು ಸಾವಿರ. ಓಹೋ, ಸೈಟಿನ ದುಡ್ಡು ಇಲ್ಲಿಂದಲೇ ಬರಬೇಕು ಅಂತ ನನಗೆ ಗೊತ್ತಾಯ್ತು. ಅವಳಿಗೆ ಈ ತಿಂಗಳೇ ಬೇಕು. ಎಷ್ಟಾದರೂ ಬಿಟ್ಟುಕೊಡ್ತಾಳೆ.

ದೇವರಾಣೆಗೂ ಚೀಟಿ ಎತ್ತೋ ಯೋಚನೆ ನನಗೆ ಇರಲಿಲ್ಲ. ಏರಿಸಬೇಕು, ಅಷ್ಟೇ. ಅವಳು ಮೂವತ್ತೈದಕ್ಕೆ ಎತ್ತೋ ಕಡೆ ಅರವತ್ತಕ್ಕೆ ಎತ್ತಲಿ, ಅವಳಿಗೆ ಇಪ್ಪತ್ತೈದು ಸಾವಿರ ಹೋಗಲಿ, ಆ ಮಿಷನ್ ರೂಮಿನ ಗೋಡೆ ಒಂದು ಕಮ್ಮಿಯಾಗಲಿ. ಅವಳೇ ಕಲಿಸಿದ ಪಾಠ, ಅವಳ ಮೇಲೇ. ಮನಸ್ಸಿಗೆ ಎಂಥಾ ಹಿತ ಆಯ್ತು ಅಂತೀರಿ.

ನಲವತ್ತಕ್ಕೆ ಮಿಕ್ಕವರೆಲ್ಲ ಸುಮ್ಮನಾದರು. ಅವಳು ನಲವತ್ತೆರಡು ಅಂದಳು. ನಾನು ಹಿಂದಿನ ಸಾಲಿಂದ ನಲವತ್ತೈದು ಅಂದೆ. ಎಲ್ಲರೂ ತಿರುಗಿ ನೋಡಿದರು, ಏಳು ತಿಂಗಳಲ್ಲಿ ನಾನು ಬಾಯಿ ಬಿಟ್ಟಿದ್ದು ಅದೇ ಮೊದಲು. ಅವಳೂ ತಿರುಗಿ ನೋಡಿದಳು. ಐವತ್ತು ಅಂದಳು. ಐವತ್ತೆರಡು ಅಂದೆ. ಐವತ್ತೈದು. ಐವತ್ತೇಳು. ಅವಳು ಸೆರಗಿಂದ ಕುತ್ತಿಗೆ ಒರೆಸಿಕೊಂಡು, ಅರವತ್ತು ಅಂದಳು. ಅಲ್ಲಿಗೆ ನಾನು ನಿಲ್ಲಿಸಬೇಕಿತ್ತು. ಅರವತ್ತಕ್ಕೆ ಬಿಡ್ತೀನಿ ಅಂತಲೇ ಕೂತಿದ್ದೆ. ಆದರೆ ಅರವತ್ತನ್ನೇ ಕೊಡೋಳು ಅರವತ್ತೈದು ಕೊಡಲ್ವಾ, ಇನ್ನೊಂದೇ ಸಲ, ಅನ್ನಿಸಿತು.

"ಅರವತ್ತೆರಡು" ಅಂದೆ.

ಅವಳು ನನ್ನನ್ನ ನೋಡಿದಳು. ಸುಮಾರು ಹೊತ್ತು ನೋಡಿದಳು. ಆಮೇಲೆ ಬ್ಯಾಗಿನ ಜಿಪ್ ಎಳೆದು, "ಸಾಕಮ್ಮ, ನಾನು ಎದ್ದೆ" ಅಂತ ಎದ್ದು ಟೀಚರಮ್ಮನ ಅಡುಗೆಮನೆಗೆ ನೀರು ಕುಡಿಯೋಕೆ ಹೋದಳು.

"ಒರು ತರಂ" ಅಂದರು ಟೀಚರಮ್ಮ, ಒಂದು ಸಲ ಅಂತ. ಯಾರಾದರೂ ಕೂಗ್ರೇ ಅಂತ ಸುತ್ತ ಕಣ್ಣಾಡಿಸಿದೆ. "ರೆಂಡು ತರಂ." ಕತ್ತು ಚಾಚಿ ಅಡುಗೆಮನೆ ಬಾಗಿಲು ನೋಡಿದೆ. "ಮೂಣು ತರಂ." ಪುಸ್ತಕದಲ್ಲಿ ನನ್ನ ಹೆಸರು ಬರೆದುಕೊಂಡರು. ಒಬ್ಬಳು ತೆಲುಗಿನಲ್ಲಿ ನನಗೇನೋ ಅವಸರವಂತೆ ಪಾಪ ಅಂತ ಪಕ್ಕದವಳಿಗೆ ಹೇಳಿದಳು. ಆ ತಿಂಗಳು ಎಲ್ಲರ ಕಂತಿನಲ್ಲೂ ಎರಡು ಸಾವಿರದ ಆರುನೂರು ಕಮ್ಮಿ, ಅವಳ ಕಂತಿನಲ್ಲೂ. ನನ್ನ ಕೈಗೆ ಬಂದಿದ್ದು ಒಂದು ಲಕ್ಷ ಮೂವತ್ತೆಂಟು ಸಾವಿರ. ತನ್ನ ಮೂಗು ಕೊಯ್ದುಕೊಂಡು ಎದುರಿನವರಿಗೆ ಅಪಶಕುನ ಮಾಡೋದು ಅಂತಾರಲ್ಲ, ಅದನ್ನ ಇಪ್ಪತ್ತು ಜನ ಹೆಂಗಸರ ಮುಂದೆ ಮಾಡಿ ಬಂದಿದ್ದೆ.

ನನ್ನ ಗಂಡ ಜೋರು ಮಾಡೋ ಮನುಷ್ಯ ಅಲ್ಲ. "ಜೂನಿಗೆ ತಾನೇ ಬೇಕಿದ್ದಿದ್ದು? ಲೆಕ್ಕ ಮಾಡೋಳು ನೀನೇ ಅಲ್ವಾ?" ಅಂದ. ಮಗಳು ರೂಮಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಫೀಸಿಗೆ ಮೂವತ್ತೆರಡು ಸಾವಿರ ಕಮ್ಮಿ ಅಂತ ಅವಳೂ ಮನಸ್ಸಲ್ಲೇ ಕಳೆದಳು ಅಂತ ಕಾಣುತ್ತೆ, ಪರೀಕ್ಷೆಗೆ ಓದ್ತಿದ್ದ ಪುಸ್ತಕ ಮುಚ್ಚಿ ಇಟ್ಟಳು. ತಲೆ ಮೇಲೆ ಮಿಷನ್ ಟರ್ ಅಂತಿತ್ತು.

ನನಗೆ ಬಂದ ಸಿಟ್ಟೆಲ್ಲ ಓರಗಿತ್ತಿ ಮೇಲೇ. ರಟ್ಟಿನ ಮೇಲೆ ಆಡಿದ ಆಟವನ್ನೇ ಮತ್ತೆ ಆಡಿದಳು, ಅದೇ ಮಾತು ಆಡಿ ಎದ್ದಳು, ನನ್ನ ಮಗಳ ಸೀಟಿನ ದುಡ್ಡಿನಲ್ಲಿ ಆಡಿದಳು ಅಂತ ನಂಬಿದೆ. ಸೈಟಿಗೆ ತವರಿಂದ ತಂದಿರುತ್ತಾಳೆ, ಚೀಟಿ ಬೇಕೇ ಇರಲಿಲ್ಲ, ನನ್ನನ್ನ ಸಿಕ್ಕಿಸೋಕೆ ಕೂಗಿದಳು. ಮೂರು ತಿಂಗಳು ಅವಳ ಜೊತೆ ನೆಟ್ಟಗೆ ಮಾತಾಡಲಿಲ್ಲ. ಟೀವಿ ನೋಡೋಕೆ ಹೋಗಲಿಲ್ಲ. ಅವಳು ಸಾರು ಕೊಟ್ಟು ಕಳಿಸಿದ ಪಾತ್ರೆಯನ್ನ ತೊಳೆದು ಖಾಲಿ ವಾಪಸ್ ಕಳಿಸಿದೆ, ನಮ್ಮಲ್ಲಿ ಖಾಲಿ ಪಾತ್ರೆ ವಾಪಸ್ ಕಳಿಸೋದು ಅಂದ್ರೆ ಏನು ಅಂತ ಎಲ್ಲರಿಗೂ ಗೊತ್ತು. ಮೇ ತಿಂಗಳಲ್ಲಿ ಅವಳು ಮೂವತ್ತು ಸಾವಿರಕ್ಕೆ ಚೀಟಿ ಎತ್ತಿದಳು. ಮೂವತ್ತಕ್ಕೆ! ಪಾಯ ತೋಡಿಸ್ತಾಳೆ ಅಂದುಕೊಂಡು ಅವತ್ತು ರೊಟ್ಟಿಯನ್ನೆಲ್ಲ ಸುಟ್ಟು ಕರ್ರಗೆ ಮಾಡಿದೆ.

ಜೂನ್ ಬಂತು. ಮಗಳಿಗೆ ಸೀಟು ಸಿಕ್ಕಿತು. ಹತ್ತು ದಿನದೊಳಗೆ ಪೂರ್ತಿ ಕಟ್ಟಬೇಕು, ಇಲ್ಲದಿದ್ದರೆ ಸೀಟು ಮುಂದಿನವರಿಗೆ. ನನ್ನ ಗಂಡನ ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ನಿಲ್ಲಿಸಿದ್ದರು. ಆಫೀಸಿನಲ್ಲಿ ಅಡ್ವಾನ್ಸ್ ಕೇಳಿದೆ, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ಮುಂದಿನ ತಿಂಗಳು ನೋಡೋಣಮ್ಮ ಅಂದರು. ಎಂಟನೇ ದಿನ ಮಗಳು ತಟ್ಟೆ ಮುಂದೆ ಕೂತು, "ಬಿಡಮ್ಮ, ನಾನೂ ಬಿ.ಕಾಂ. ಮಾಡ್ತೀನಿ, ಇಲ್ಲೇ ಹೊಸೂರಲ್ಲಿ" ಅಂದಳು. ಅವಳ ಬಾಯಲ್ಲಿ ಬಿ.ಕಾಂ. ಅನ್ನೋ ಮಾತು ಕೇಳಿ ಅರ್ಧ ಊಟಕ್ಕೇ ಎದ್ದು ತಟ್ಟೆ ತೊಳೆಯೋಕೆ ಹೋದೆ.

ಅವತ್ತು ಸಾಯಂಕಾಲ ಮಿಷನ್ ಸದ್ದು ನಿಂತಿತು. ಓರಗಿತ್ತಿ ಕೆಳಗೆ ಬಂದಳು. ಕೈಯಲ್ಲಿ ಜವಳಿ ಅಂಗಡಿಯ ಕವರು.

"ಎಷ್ಟು ಕಮ್ಮಿ ಬಿದ್ದೈತಕ್ಕ?"

"ಯಾರು ಹೇಳಿದ್ದು ನಿನಗೆ?"

"ಕೂಸು ಮೇಲ್ ಬಂದು ಅತ್ತಳು. ಇದ್ರಲ್ಲಿ ಮೂವತ್ತೈದೈತೆ. ಬಡ್ಡಿ ಗಿಡ್ಡಿ ಏನೂ ಬ್ಯಾಡ. ಆದ್ರೆ ದೀಪಾವಳಿ ಒಳಗೆ ಕೊಟ್ಬುಡ್ಬೇಕು, ನಂಗೊಂದು ಅಂಚು ಹೊಲಿಯೋ ಓವರ್‌ಲಾಕ್ ಮಿಷನ್ ತಗೋಬೇಕು."

ಮೂರು ತಿಂಗಳು ಹೊಟ್ಟೆಯಲ್ಲಿಟ್ಟಿದ್ದಿದ್ದು ಆಗ ಬಾಯಿಗೆ ಬಂತು. "ಸೈಟಿನ ಯಜಮಾನ್ತಿ ಅಲ್ವಾ ನೀನು, ನಿನಗೇನು ಕಮ್ಮಿ? ಬೇಕಾದೋರನ್ನ ಏರಿಸಿ ಬಿಡೋದೂ ಗೊತ್ತು, ಆಮೇಲೆ ಬಂದು ದಾನ ಮಾಡೋದೂ ಗೊತ್ತು."

ಅವಳಿಗೆ ಅರ್ಥವೇ ಆಗಲಿಲ್ಲ. ಬಾಗಿಲ ಹತ್ತಿರ ಇದ್ದ ಸ್ಟೂಲ್ ಎಳ್ಕೊಂಡು ಕೂತಳು.

"ಸೈಟ್ ಎಲ್ಲೈತಕ್ಕ? ಮಾರ್ಚಲ್ಲೇ ಹೋಯ್ತಲ್ಲ. ಚೀಟಿ ಸಿಗ್ಲಿಲ್ಲ, ದುಡ್ಡು ಕೂಡ್ಲಿಲ್ಲ, ತಾರೀಕು ದಾಟ್ತು. ಅವರು ಬೇರೆಯೋರ್ಗೆ ಕೊಟ್ಬುಟ್ರು. ಅಡ್ವಾನ್ಸ್ ನಲ್ವತ್ತು ಸಾವ್ರನೂ ಹೋಯ್ತು. ಅದು ನಮ್ಮಣ್ಣನ ಹತ್ರ ತಂದಿದ್ದು, ಮೇ ಚೀಟೀಲಿ ಅದನ್ನ ತೀರಿಸ್ದೆ. ಊರಿಗೆಲ್ಲಾ ಮೈಸೂರುಪಾಕ್ ಹಂಚಿದ್ನಲ್ಲ, ಹೇಳ್ಕೊಳ್ಳಾಕೆ ನಾಚ್ಕೆ ಆಯ್ತು. ನಿಮ್ ಮೈದುನಂಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದೆ."

"ಮತ್ತೆ ಯಾಕೆ ಎದ್ದೆ?" ಅಂದೆ. "ಅಷ್ಟು ಬೇಕಿದ್ದರೆ ಅರವತ್ತೈದು ಅನ್ನಬೇಕಿತ್ತು. ಯಾಕೆ ಎದ್ದೆ?"

"ಅಯ್ಯೋ, ಕೂಗ್ತಿದ್ದೋರು ನೀವಲ್ವಾ? ಬೇರೆ ಯಾರಾದ್ರೂ ಆಗಿದ್ರೆ ಬಿಡ್ತಿದ್ನಾ? ಏಳು ತಿಂಗ್ಳು ಬಾಯಿ ಬಿಡ್ದೇ ಇದ್ದೋರು, ಲೆಕ್ಕ ಓದಿರೋರು, ಅರವತ್ತು ದಾಟಿ ಕೂಗ್ತಾವ್ರೆ ಅಂದ್ರೆ ಸುಮ್‌ಸುಮ್ಕೆ ಕೂಗ್ತಾರಾ? ಕೂಸಿನ ಸೀಟಿಗೆ ಏನೋ ತಾಪತ್ರಯ ಆಗೈತೆ ಅಂದ್ಕೊಂಡೆ. ಎದೆ ಧಸಕ್ ಅಂತು. ಸೈಟ್ ಇನ್ನೊಂದು ಸಿಕ್ತೈತೆ ಅಂತ ಎದ್ಬುಟ್ಟೆ." ಆಮೇಲೆ ನನ್ನ ಮುಖ ನೋಡಿ ಕೇಳಿದಳು, "ಕೂಸಿಗೇ ತಾನೇ ಅಕ್ಕ, ಕೂಗಿದ್ದು?"

ನಾನು ಅವಳ ಪಕ್ಕದ ಗೋಡೆ ನೋಡ್ತಾ ನಿಂತೆ. ಹೇಳಬಹುದಿತ್ತು. ಇಲ್ಲ ಕಣೆ, ನಿನ್ನ ಸೈಟ್ ನೋಡಿ ಹೊಟ್ಟೆ ಉರೀತು, ಅದಕ್ಕೆ ಕೂಗಿದೆ ಅಂತ ಅಲ್ಲೇ ಹೇಳಬಹುದಿತ್ತು. ಒಳಗೆ ಮಗಳು ಕೇಳ್ತಿದ್ದಳು. ಕವರು ಸ್ಟೂಲಿನ ಪಕ್ಕ ನೆಲದ ಮೇಲಿತ್ತು.

"ಹೂಂ, ಅವಳಿಗೇ" ಅಂದೆ.

"ಅಷ್ಟೇ ತಾನೇ ಮತ್ತೆ" ಅಂತ ಎದ್ದು, ಕವರನ್ನ ನಮ್ಮ ಟೀವಿ ಮೇಲಿಟ್ಟು, ಹೋಗೋವಾಗ ಅಡುಗೆಮನೆಗೆ ಹೋಗಿ ತನ್ನ ಸಾರಿನ ಇನ್ನೊಂದು ಪಾತ್ರೆ ಹುಡುಕಿ ತಗೊಂಡು ಹೋದಳು. ಅವಳು ಅಂಥ ದೇವತೆಯೇನಲ್ಲ, ಮಾರನೇ ದಿನವೇ ಬೀದಿ ಕೊನೆಯವರೆಗೂ ನಮ್ಮಕ್ಕಂಗೆ ಮೂವತ್ತೈದು ಕೊಟ್ಟೆ ಅಂತ ಹೇಳಿಕೊಂಡು ಬಂದಳು. ಅದಕ್ಕೂ ನನಗೆ ಸಿಟ್ಟು ಬಂತು. ಆದರೆ ಸಿಟ್ಟು ಮಾಡೋಕೆ ಬಾಯಿ ಬರಲಿಲ್ಲ.

ಮಗಳನ್ನ ಹಾಸ್ಟೆಲ್ಲಿಗೆ ಬಿಡೋಕೆ ನಾನು, ಅವಳು, ಓರಗಿತ್ತಿ ಮೂವರೂ ಬಸ್ಸಿನಲ್ಲಿ ಹೋದ್ವಿ. ಸೂಳಗಿರಿ ಬಂತು. ಆ ಒಳದಾರಿ ಹೈವೇಯಿಂದಲೇ ಕಾಣುತ್ತೆ, ಹುಣಸೆ ಮರವೂ ಕಾಣುತ್ತೆ. ಅಲ್ಲಿ ಈಗ ಯಾರದೋ ಕಾಂಪೌಂಡು ಎದ್ದಿತ್ತು, ಹೊಸ ಇಟ್ಟಿಗೆ. ಕಿಟಕಿ ಪಕ್ಕ ಓರಗಿತ್ತಿ ಕೂತಿದ್ದಳು. ಅವಳು ನೋಡ್ತಾಳಾ ಅಂತ ನಾನು ಅವಳನ್ನೇ ನೋಡ್ತಿದ್ದೆ. ನೋಡಿದಳು. ಬಸ್ಸು ದಾಟೋ ತನಕ ಕತ್ತು ತಿರುಗಿಸಿ ನೋಡಿದಳು. ಆಮೇಲೆ ಬ್ಯಾಗಿಂದ ಕಡಲೆಕಾಯಿ ಪೊಟ್ಟಣ ತೆಗೆದು ನನ್ನ ಮಗಳ ಕೈಗೆ ಹಾಕಿದಳು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಬಸ್ಸೇ ಹತ್ತುತ್ತಿರಲಿಲ್ಲ.

ದೀಪಾವಳಿ ಒಳಗೆ ಮೂವತ್ತೈದನ್ನೂ ತೀರಿಸಿದೆ. ಅವಳ ಹೊಸ ಓವರ್‌ಲಾಕ್ ಮಿಷನ್ ಬಂತು, ಅದರ ಸದ್ದು ಹಳೇದಕ್ಕಿಂತ ಜಾಸ್ತಿ. ಹೊಟ್ಟೆಕಿಚ್ಚು ಹೋಯ್ತಾ ಅಂತ ಕೇಳಬೇಡಿ. ಮೊದಲು ಅವಳ ದುಡ್ಡು ನೋಡಿ ಉರೀತಿತ್ತು. ಈಗ ಅವಳು ಎದ್ದು ನೀರು ಕುಡಿಯೋಕೆ ಹೋದಳಲ್ಲ, ಅದನ್ನ ನೆನೆಸಿಕೊಂಡರೆ ಉರಿಯುತ್ತೆ. ನನ್ನ ಮಗಳು ಫೋನು ಮಾಡಿದರೆ ಈಗಲೂ ಮೊದಲು ಮೇಲಕ್ಕೇ ಮಾಡ್ತಾಳೆ.

ಇದನ್ನೆಲ್ಲ ಎರಡು ವಾರದಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೀತಿದ್ದೀನಿ. ನಿನ್ನೆ ಅವಳು ಕೊತ್ತಂಬರಿ ಕೇಳೋಕೆ ಬಂದವಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಏನಕ್ಕ ಅದು?"

"ನಿನ್ನ ವಿಷಯವೇ. ನಿನ್ನ ಟೀವಿ, ನಿನ್ನ ಆಟ."

"ಹೌದಾ! ಓದಿ ಹೇಳಿ ಅಕ್ಕ."

ಗಂಟಲು ಸರಿ ಮಾಡ್ಕೊಂಡು, ಹೊಟ್ಟೆ ಉರಿದ ಸಾಲುಗಳನ್ನೆಲ್ಲ ಹಾರಿಸಿ ಓದಿದೆ. ಪಾಲಿಸಿಯವನ ಕಥೆಗೆ ಹೊಟ್ಟೆ ಹಿಡ್ಕೊಂಡು ನಕ್ಕಳು. ಎದ್ದೋಗಪ್ಪಾ ಅನ್ನೋದಕ್ಕೂ ನಕ್ಕಳು. ಮಾರ್ಚಿನ ಏಲಂ ಬಂತು ಅನ್ನೋ ಸಾಲಿಗೆ ಬಂದು ನಿಲ್ಲಿಸಿದೆ.

"ಆಮೇಲೆ?" ಅಂದಳು.

"ಆಮೇಲೆ ನಿನಗೇ ಗೊತ್ತಲ್ಲ. ಮಗಳ ಸೀಟಿಗೆ ಬೇಕಿತ್ತು, ನಾನು ಕೂಗಿದೆ, ನೀನು ಬಿಟ್ಟುಕೊಟ್ಟೆ ಅಂತ ಬರೆದಿದ್ದೀನಿ."

ಅವಳು ನೋಟ್‌ಬುಕ್ ಕೈಗೆ ತಗೊಂಡು, ಓದೋಕೆ ಬರದ ನನ್ನ ಅಕ್ಷರಗಳ ಮೇಲೆ ಬೆರಳಾಡಿಸಿ, ಮಿಕ್ಕ ಹಾಳೆಗಳನ್ನ ಒಂದೊಂದಾಗಿ ತಿರುಗಿಸಿದಳು.

"ಅಷ್ಟಕ್ಕೆ ಇಷ್ಟೊಂದು ಪುಟ ಯಾಕಕ್ಕ?" ಅಂದಳು.